ವಿಮಾನಶಿಲ್ಪಿ ಘಾಟಗೆ

ರಾಯಬಾಗ ತಾಲೂಕಿನ ಪಾಲಬಾವಿಯಂಥ ಊರಿನಲ್ಲಿ ಹೊಲದ ಬದುವಿನ ಮೇಲೆ ನಿಂತ ಹುಡುಗನಿಗೆ ಆಕಾಶ ಬಹಳ ವಿಶಾಲವಾಗಿ ಕಾಣುತ್ತದೆ. ದೂರದಲ್ಲಿ ವಿಮಾನದ ಸದ್ದು ಕೇಳಿಬಂದರೆ ಆಟದ ಹುಡುಗರು ಆಟ ನಿಲ್ಲಿಸುತ್ತಾರೆ, ಕಳೆ ಕೀಳುತ್ತಿದ್ದವರೂ ಒಂದು ಕ್ಷಣ ತಲೆಯೆತ್ತುತ್ತಾರೆ. ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಹಲವರು. ಅದನ್ನು ಮಾಡಿದವರು ಯಾರು, ಅಂಥದನ್ನು ನಾವು ಮಾಡಬಲ್ಲೆವೇ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ತಮ್ಮ ಬಾಳನ್ನು ಸವೆಸಿದ ಮಹನೀಯರೊಬ್ಬರು ಈ ಸೀಮೆಯ ನೆರೆಯಲ್ಲಿಯೇ ಹುಟ್ಟಿದವರು. ಅವರೇ ಡಾಕ್ಟರ್ ವಿಷ್ಣು ಮಾಧವ ಘಾಟಗೆ.

ಪಾಲಬಾವಿಯಿಂದ ಪಶ್ಚಿಮಕ್ಕೆ ಚಿಕ್ಕೋಡಿಯನ್ನು ದಾಟಿ ಸಂಕೇಶ್ವರದತ್ತ ನಡೆದರೆ ಹಿರಣ್ಯಕೇಶಿ ನದಿ ಎದುರಾಗುತ್ತದೆ. ಆ ನದಿಯ ಮೇಲ್ದಂಡೆಯ ಕಡೆಗೆ ಗಡಹಿಂಗ್ಲಜ ಸೀಮೆ. ಅಲ್ಲಿಯ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರ ಅಕ್ಟೋಬರ್ 24ರಂದು ಘಾಟಗೆಯವರು ಜನಿಸಿದರು. ಕನ್ನಡ, ಮರಾಠಿ ಎರಡೂ ನುಡಿಗಳು ಸಂತೆಯಲ್ಲಿ, ಜಾತ್ರೆಯಲ್ಲಿ ಒಂದರೊಡನೊಂದು ಬೆರೆಯುವ ನಾಡು ಅದು. ಆಗ ಅದು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹು ಮಹಾರಾಜರು ಆಳುತ್ತಿದ್ದ ಕಾಲ. ಪ್ರಜೆಗಳ ವಿದ್ಯಾಭ್ಯಾಸಕ್ಕೆ ಅವರು ವಿಶೇಷ ಗಮನ ಕೊಟ್ಟಿದ್ದರು. ಅಮೆರಿಕದ ರೈಟ್ ಸೋದರರು ತಮ್ಮ ಯಂತ್ರದಲ್ಲಿ ಮೊತ್ತಮೊದಲು ಹಾರಿದ್ದು 1903ರ ಡಿಸೆಂಬರ್ 17ರಂದು. ಅಂದರೆ ಘಾಟಗೆಯವರು ಹುಟ್ಟಿದಾಗ ವಿಮಾನವಿದ್ಯೆಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ವಿದ್ಯೆಯೂ ಬಾಲಕನೂ ಜೊತೆಜೊತೆಯಾಗಿ ಬೆಳೆದರು ಎನ್ನಬಹುದು.

ಉನ್ನತ ವ್ಯಾಸಂಗಕ್ಕಾಗಿ ಅವರು ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಪ್ರಖ್ಯಾತ ವಿಜ್ಞಾನಿಯಿದ್ದರು. ಗಾಳಿಯ ಚಲನೆಯ ಶಾಸ್ತ್ರಕ್ಕೆ ಹೊಸ ತಳಹದಿಯನ್ನು ಹಾಕಿದವರು ಅವರು. ಅವರ ಸಂಶೋಧನೆಯ ತಿರುಳನ್ನು ಕೃಷ್ಣಾನದಿಯ ದಡದಲ್ಲಿ ನಿಂತವರು ಸುಲಭವಾಗಿ ತಿಳಿಯಬಹುದು. ನಡುಹೊಳೆಯಲ್ಲಿ ನೀರು ರಭಸದಿಂದ ಓಡುತ್ತಿರುತ್ತದೆ. ದಡಕ್ಕೆ ತಾಗಿದ ನೀರು ಮಾತ್ರ ನಿಂತಂತೆ ಕಾಣುತ್ತದೆ. ಹಾಗೆಯೇ ವಿಮಾನದ ರೆಕ್ಕೆಯ ಮೇಲೆ ಗಾಳಿ ವೇಗದಿಂದ ಹರಿಯುವಾಗ ರೆಕ್ಕೆಗೆ ಅಂಟಿದ ಅತಿ ತೆಳುವಾದ ಒಂದು ಪದರ ಮಾತ್ರ ನಿಧಾನವಾಗಿ ಸಾಗುತ್ತದೆ. ಇದನ್ನು ಗಡಿಪದರ ಎನ್ನೋಣ. ಈ ಪದರ ರೆಕ್ಕೆಯನ್ನು ಬಿಡದೆ ಹರಿಯುತ್ತಿರುವವರೆಗೆ ವಿಮಾನ ಹಾರುತ್ತದೆ. ಅದು ರೆಕ್ಕೆಯಿಂದ ಕಳಚಿಕೊಂಡರೆ ವಿಮಾನವನ್ನು ಎತ್ತಿಹಿಡಿಯುವ ಬಲ ಕುಗ್ಗುತ್ತದೆ. ಪ್ರಾಂಟ್ಲ್ ಈ ಸತ್ಯವನ್ನು 1904ರಲ್ಲಿ ಪ್ರಕಟಿಸಿದ್ದರು. ಅಂಥ ಗುರುವಿನ ಬಳಿ ಕಲಿತು ಘಾಟಗೆಯವರು 1936ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಪದವಿಯನ್ನು ಪಡೆದು ಅವರು ಭಾರತಕ್ಕೆ ಮರಳಿದರು. ಆದರೆ ಅವರು ಕಲಿತ ವಿದ್ಯೆಗೆ ತಕ್ಕ ಕೆಲಸ ಇಲ್ಲಿ ಇರಲಿಲ್ಲ. ದೇಶದಲ್ಲಿ ವಿಮಾನಗಳು ಹಾರುತ್ತಿದ್ದವು ನಿಜ. ಅವೆಲ್ಲವೂ ಹೊರದೇಶಗಳಲ್ಲಿ ತಯಾರಾದವು. ವಿಮಾನವನ್ನು ರೂಪಿಸುವುದಿರಲಿ, ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸುವ ಒಂದು ಕಾರ್ಖಾನೆಯೂ ಇರಲಿಲ್ಲ. ಬಾವಿ ತೋಡುವ ವಿದ್ಯೆ ಬಲ್ಲವನಿಗೆ ಸನಿಕೆಯೂ ನೆಲವೂ ಇಲ್ಲದಂಥ ಸ್ಥಿತಿ ಅದು.

ಆ ನೆಲವನ್ನು ಒದಗಿಸಿದುದು ಬೆಂಗಳೂರು. ಉದ್ಯಮಿ ವಾಲಚಂದ್ ಹೀರಾಚಂದರ ಸಾಹಸ ಮತ್ತು ಮೈಸೂರು ಸಂಸ್ಥಾನದ ನೆರವು ಕೂಡಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಸಂಸ್ಥೆ ಅಲ್ಲಿ ಸ್ಥಾಪಿತವಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದ ಮೈಸೂರು ಸರ್ಕಾರ ಕಾರ್ಖಾನೆಗೆ ಭೂಮಿಯನ್ನು ಕೊಟ್ಟಿತು, ಬಂಡವಾಳದಲ್ಲಿಯೂ ಪಾಲುಗೊಂಡಿತು. ಎರಡನೆಯ ಮಹಾಯುದ್ಧದ ದಿನಗಳವು. ಅಮೆರಿಕದಿಂದ ಬಂದ ನಕ್ಷೆ, ಬಿಡಿಭಾಗಗಳಿಂದ ವಿಮಾನಗಳನ್ನು ಕೂಡಿಸುವುದೇ ಆ ಕಾರ್ಖಾನೆಯ ಮೊದಲ ಕೆಲಸವಾಗಿತ್ತು. ಅಲ್ಲಿ ಸೇರಿದ ಘಾಟಗೆಯವರು ಹತ್ತು ಜನ ಕುಳಿತು ಹೋಗಬಹುದಾದ, ಎಂಜಿನ್ ಇಲ್ಲದ ಒಂದು ಗ್ಲೈಡರನ್ನು ರೂಪಿಸಿದರು. ಅದು ಒಂದೇ ಒಂದು ತಯಾರಾಯಿತು. ಆದರೂ ನಮ್ಮವರೇ ಲೆಕ್ಕ ಹಾಕಿ, ನಮ್ಮವರೇ ನಕ್ಷೆ ಬರೆದು ಮಾಡಿದ ವಸ್ತು ಗಾಳಿಯಲ್ಲಿ ತೇಲಿತು.

ಒಬ್ಬ ವಿದ್ವಾಂಸನಿಂದ ವಿಮಾನ ಆಗುವುದಿಲ್ಲ. ಅದಕ್ಕೆ ನೂರಾರು ಮಂದಿ ಬಲ್ಲವರು ಬೇಕು. 1942ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ದೇಶದಲ್ಲಿಯೇ ಅಂಥ ವಿಭಾಗ ಅದು ಮೊದಲನೆಯದು. ಘಾಟಗೆಯವರು ಕೆಲವು ಕಾಲ ಅಲ್ಲಿ ಅಧ್ಯಾಪಕರಾಗಿ ನಿಂತು ಆ ವಿಭಾಗವನ್ನು ಬೆಳೆಸಿದರು. ಕಾರ್ಖಾನೆಯ ಕೈಗೆ ಪಾಠಶಾಲೆಯ ಬುದ್ಧಿ, ಪಾಠಶಾಲೆಯ ಬುದ್ಧಿಗೆ ಕಾರ್ಖಾನೆಯ ಅನುಭವ ದೊರೆಯುವಂತೆ ಎರಡಕ್ಕೂ ಸೇತುವೆಯಾದುದು ಅವರ ಜೀವನದ ದೊಡ್ಡ ಸೇವೆ.

ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು. ಹೊಸ ರಾಷ್ಟ್ರದ ವಾಯುಸೇನೆಗೆ ಬಾಂಬರ್ ವಿಮಾನಗಳಿರಲಿಲ್ಲ. ಹಾಳುಗೆಡವಿ ಬಿಟ್ಟುಹೋದ ಲಿಬರೇಟರ್ ಎಂಬ ಭಾರಿ ವಿಮಾನಗಳು ಕಾನಪುರದ ಬಯಲಿನಲ್ಲಿ ಬಿದ್ದಿದ್ದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯವರು ಅವುಗಳನ್ನು ಒಂದೊಂದಾಗಿ ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿಯಾಗಿ ರಿಪೇರಿ ಮಾಡಿ ವಾಯುಸೇನೆಗೆ ಒಪ್ಪಿಸಿದರು. ಹೀಗೆ ನಲವತ್ತಕ್ಕೂ ಹೆಚ್ಚು ವಿಮಾನಗಳು ಮರುಜೀವ ಪಡೆದವು. ಅವುಗಳಲ್ಲಿ ಬಹುಪಾಲನ್ನು ಬೆಂಗಳೂರಿಗೆ ತಂದವರು ಸಂಸ್ಥೆಯ ಪರೀಕ್ಷಕ ಪೈಲಟ್ ಜಮಶೇದ್ ಮುನ್ಷಿಯವರು. ನಮ್ಮ ಕೆಲಸಗಾರರ ಕೈ ಎಷ್ಟು ಪಳಗಿದೆಯೆಂಬುದು ಆಗ ಎಲ್ಲರಿಗೂ ತಿಳಿಯಿತು. ಆದರೆ ಬೇರೆಯವರು ಮಾಡಿದುದನ್ನು ಸರಿಪಡಿಸುವುದು ಒಂದು ವಿದ್ಯೆ. ಇಲ್ಲದಿದ್ದುದನ್ನು ಹೊಸದಾಗಿ ಮಾಡುವುದು ಇನ್ನೊಂದು ವಿದ್ಯೆ. ಘಾಟಗೆಯವರ ಮನಸ್ಸು ಎರಡನೆಯದರ ಕಡೆಗಿತ್ತು.

ಎಲ್ಲಿಂದ ಆರಂಭಿಸಬೇಕು ಎಂಬುದರಲ್ಲಿ ಅವರ ವಿವೇಕ ಕಾಣುತ್ತದೆ. ಅವರು ಮೊದಲಿಗೇ ಯುದ್ಧವಿಮಾನಕ್ಕೆ ಕೈಹಾಕಲಿಲ್ಲ. ಹಾರಾಟ ಕಲಿಯುವವರಿಗೆ ಬೇಕಾದ ಚಿಕ್ಕ ತರಬೇತಿ ವಿಮಾನವನ್ನು ಆರಿಸಿಕೊಂಡರು. ಅಕ್ಷರ ಕಲಿಯುವವನು ಮೊದಲು ಮಹಾಕಾವ್ಯವನ್ನು ತೆರೆಯುವುದಿಲ್ಲವಷ್ಟೆ. ಆ ವಿಮಾನಕ್ಕೆ ಎಚ್.ಟಿ.-2 ಎಂದು ಹೆಸರಾಯಿತು. 1948ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಆಗ ನಮ್ಮ ವಾಯುಸೇನೆಯ ಶಿಷ್ಯರು ಕಲಿಯುತ್ತಿದ್ದುದು ಟೈಗರ್ ಮಾತ್ ಎಂಬ ವಿಮಾನದಲ್ಲಿ. ಅದಕ್ಕೆ ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ. ರೆಕ್ಕೆಗೆ ಬಟ್ಟೆಯ ಹೊದಿಕೆ. ಎಚ್.ಟಿ.-2 ಪೂರ್ತಿ ಲೋಹದ್ದು, ಕೆಳಗಡೆ ಒಂದೇ ಜೋಡಿ ರೆಕ್ಕೆಯದು. ಶಿಷ್ಯ ಮತ್ತು ಗುರು ಒಬ್ಬರ ಹಿಂದೆ ಒಬ್ಬರು ಕೂರುವ ಏರ್ಪಾಡು. ಸೇನೆಗೆ ಸಿದ್ಧವಾದ ವಿಮಾನಗಳಿಗೆ ಇದ್ದುದು 155 ಅಶ್ವಶಕ್ತಿಯ ಎಂಜಿನ್.

ವಿಮಾನವನ್ನು ರೂಪಿಸುವುದೆಂದರೆ ಚಿತ್ರ ಬರೆದಷ್ಟು ಹಗುರವಾದ ಕೆಲಸವಲ್ಲ. ರೆಕ್ಕೆ ಎಷ್ಟು ಅಗಲವಿರಬೇಕು, ಯಾವ ಬಾಗು ಇರಬೇಕು, ಎಷ್ಟು ಭಾರವನ್ನು ತಡೆಯಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಬೇಕು. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಈ ಲೆಕ್ಕಗಳೆಲ್ಲ ಕಾಗದದ ಮೇಲೆ ಕೈಯಿಂದಲೇ ಆಗಬೇಕಾಗಿತ್ತು. ಚಿಕ್ಕ ಮಾದರಿಯನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ, ಅದರ ಮೇಲೆ ಗಾಳಿಯನ್ನು ಹಾಯಿಸಿ ಪರೀಕ್ಷಿಸಬೇಕು. ತಗಡನ್ನು ಕತ್ತರಿಸಿ, ಬಾಗಿಸಿ, ಸಾವಿರಾರು ರಿವೆಟ್ಟುಗಳಿಂದ ಜೋಡಿಸಬೇಕು. ತೂಕ ಹೆಚ್ಚಾದರೆ ಮೇಲೇಳುವುದಿಲ್ಲ. ತೂಕ ಉಳಿಸಲು ಹೋಗಿ ಬಲ ಕುಂದಿದರೆ ಆಕಾಶದಲ್ಲಿ ಮುರಿಯುತ್ತದೆ. ಇಲ್ಲಿ ಒಂದು ಅಂಕಿಯ ತಪ್ಪು ಒಂದು ಜೀವದ ಬೆಲೆ ಕೇಳಬಹುದು.

1951ರ ಆಗಸ್ಟ್ ತಿಂಗಳಿನಲ್ಲಿ ಮುನ್ಷಿಯವರು ಎಚ್.ಟಿ.-2 ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಸ್ವತಂತ್ರ ಭಾರತದಲ್ಲಿ ಭಾರತೀಯರೇ ರೂಪಿಸಿ ಭಾರತೀಯರೇ ತಯಾರಿಸಿದ ಮೊದಲ ವಿಮಾನ ಹಾರಿತು. ಮುಂದೆ ಅಂಥ ಸುಮಾರು 170 ವಿಮಾನಗಳು ತಯಾರಾದವು. ಆಫ್ರಿಕದ ಘಾನಾ ದೇಶದ ವಾಯುಸೇನೆಗೂ ಕೆಲವು ಹೋದವು. ನಮ್ಮ ವಾಯುಸೇನೆಯ ಎಷ್ಟೋ ಪೈಲಟ್‌ಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಹಾರಾಟದ ಓನಾಮವನ್ನು ಕಲಿತುದು ಈ ವಿಮಾನದಲ್ಲಿಯೇ. ಅದರ ಬಳಿಕ ಹಾರಾಟದ ಕ್ಲಬ್ಬುಗಳಿಗಾಗಿ ಪುಷ್ಪಕ್, ನೆಲದ ಸೈನ್ಯಕ್ಕೆ ಮೇಲಿನಿಂದ ನೋಡಿ ಹೇಳಲು ಕೃಷಕ್ ಎಂಬ ಹಗುರ ವಿಮಾನಗಳು ಬಂದವು. ಪುಷ್ಪಕ್ 1958ರಲ್ಲಿಯೂ ಕೃಷಕ್ 1959ರಲ್ಲಿಯೂ ಮೊದಲು ಹಾರಿದವು. 1964ರ ಸೆಪ್ಟೆಂಬರಿನಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಮೇಲೆದ್ದಿತು. ಒಂದೊಂದು ವಿಮಾನವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು.

ಈ ನಡುವೆ ದೇಶ ಒಂದು ದೊಡ್ಡ ಸಾಹಸಕ್ಕೆ ಕೈಹಾಕಿತ್ತು. ಶಬ್ದದ ವೇಗದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಯುದ್ಧವಿಮಾನವೊಂದು ವಾಯುಸೇನೆಗೆ ಬೇಕಾಗಿತ್ತು. ನೆಲಮಟ್ಟದಲ್ಲಿ ಶಬ್ದ ಗಂಟೆಗೆ ಸುಮಾರು 1,200 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅದನ್ನು ಮೀರುವ ವಿಮಾನವನ್ನು ಆಗ ಮಾಡಬಲ್ಲ ರಾಷ್ಟ್ರಗಳು ಬೆರಳೆಣಿಕೆಯಷ್ಟು ಮಾತ್ರ ಇದ್ದವು. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಭಾರತ ಸರ್ಕಾರ ಕರೆಸಿಕೊಂಡಿತು. 1956ರಲ್ಲಿ ಅವರು ತಮ್ಮ ತಂಡದೊಡನೆ ಬೆಂಗಳೂರಿಗೆ ಬಂದರು. ಅವರೊಡನೆ ದುಡಿದ ಭಾರತೀಯ ತಂಡದಲ್ಲಿ ಘಾಟಗೆಯವರು ಮುಂದಾಳುಗಳಾಗಿದ್ದರು. ಹೊಸ ವಿಮಾನಕ್ಕೆ ಎಚ್.ಎಫ್.-24 ಎಂಬ ಸಂಖ್ಯೆ, ಮರುತ್ ಎಂಬ ಹೆಸರು. ಮರುತ್ತುಗಳು ವೇದಗಳಲ್ಲಿ ಬರುವ ಗಾಳಿಯ ದೇವತೆಗಳು. ಹೆಸರು ಅರ್ಥವತ್ತಾಗಿತ್ತು.

ಮೊದಲು ಮರುತ್‌ನ ಅಳತೆಯಷ್ಟೇ ದೊಡ್ಡದಾದ ಮರದ ಗ್ಲೈಡರೊಂದನ್ನು ಮಾಡಿದರು. ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು, ಬಿಟ್ಟುಬಿಡುತ್ತಿದ್ದರು. ಪೈಲಟ್ ಅದನ್ನು ತೇಲಿಸುತ್ತ ಕೆಳಗಿಳಿಸಬೇಕು. 1959ರಲ್ಲಿ ಆರಂಭವಾದ ಈ ಪರೀಕ್ಷೆಗಳಿಂದ ವಿಮಾನದ ಗುಣದೋಷಗಳು ತಿಳಿದವು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ನಿಜವಾದ ಮರುತ್ ವಿಮಾನವನ್ನು ಬೆಂಗಳೂರಿನಲ್ಲಿ ಹಾರಿಸಿದರು. ವಿನ್ಯಾಸಕ್ಕೆ ತೊಡಗಿದ ಐದು ವರ್ಷಗಳಲ್ಲಿ ಭಾರತದ ಮೊದಲ ಜೆಟ್ ಯುದ್ಧವಿಮಾನ ಆಕಾಶ ಕಂಡಿತು.

ಆದರೆ ಆ ಸುಂದರ ವಿಮಾನದ ಒಡಲಲ್ಲಿ ಒಂದು ಕೊರತೆ ಉಳಿದುಕೊಂಡಿತು. ಮರುತ್‌ನ ಮೈಕಟ್ಟು ಒಂದು ಪ್ರಬಲವಾದ ಎಂಜಿನ್ನನ್ನು ಎಣಿಸಿ ರೂಪುಗೊಂಡಿತ್ತು. ಬ್ರಿಟನ್ನಿನ ಕಂಪನಿಯೊಂದು ಆ ಎಂಜಿನ್ನನ್ನು ಸಿದ್ಧಪಡಿಸುತ್ತಿತ್ತು. ನಡುವೆ ಅಲ್ಲಿ ಅದರ ಅಗತ್ಯ ತಪ್ಪಿತು, ಹಣ ನಿಂತಿತು. ಉಳಿದ ಕೆಲಸದ ವೆಚ್ಚವನ್ನು ಭಾರತ ಭರಿಸುವುದಾದರೆ ಮುಂದುವರಿಸಬಹುದು ಎಂಬ ಸೂಚನೆ ಬಂದಿತು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಕಡಮೆ ಬಲದ ಆರ್ಫಿಯಸ್ ಎಂಜಿನ್ನುಗಳನ್ನೇ ಎರಡು ಜೋಡಿಸಬೇಕಾಯಿತು. ಎರಡು ಜೋಡಿ ಎತ್ತು ಎಳೆಯಬೇಕಾದ ಕಬ್ಬಿನ ಗಾಡಿಗೆ ಒಂದೇ ಜೋಡಿ ಕಟ್ಟಿದಂತಾಯಿತು. ಗಾಡಿ ಗಟ್ಟಿಯಾಗಿದೆ, ಎತ್ತುಗಳೂ ಮೈಗಳ್ಳವಲ್ಲ. ಆದರೆ ಏರು ಹತ್ತುವ ಶಕ್ತಿ ಬರುವುದೆಲ್ಲಿಂದ? ಶಬ್ದದ ವೇಗದ ಇಮ್ಮಡಿಗೆ ಹೊರಟ ಮರುತ್ ಶಬ್ದದ ವೇಗದ ಅಂಚಿನಲ್ಲಿಯೇ ನಿಂತಿತು. ಬೇರೆ ಬೇರೆ ದೇಶಗಳ ಎಂಜಿನ್ನುಗಳಿಗಾಗಿ ಹುಡುಕಾಟ ನಡೆಯಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನನ್ನು ಒಂದು ಮರುತ್‌ಗೆ ಜೋಡಿಸಿ 1967ರಲ್ಲಿ ಹಾರಿಸಿ ನೋಡಿದುದೂ ಉಂಟು. ಯಾವುದೂ ಕೈಗೂಡಲಿಲ್ಲ.

ಇಲ್ಲಿ ತಪ್ಪು ಯಾರದು ಎಂದು ಕೇಳುವುದು ಸಹಜ. ವೆಚ್ಚಕ್ಕೆ ಒಪ್ಪದಿದ್ದುದು ತಪ್ಪೆಂದು ಹಲವರು ಹೇಳುತ್ತಾರೆ. ಕೈಗೆ ಬಾರದ ಎಂಜಿನ್ನನ್ನು ನಂಬಿ ವಿಮಾನವನ್ನು ರೂಪಿಸಿದುದೂ ಎಚ್ಚರ ತಪ್ಪಿದ ನಡೆಯೇ. ಹೊಸ ರಾಷ್ಟ್ರದ ಬೊಕ್ಕಸ ಅಂದು ತುಂಬಿ ತುಳುಕುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮನೆಯ ದೀಪಕ್ಕೆ ನೆರೆಮನೆಯ ಎಣ್ಣೆಯನ್ನು ನೆಚ್ಚಿದರೆ, ಅವರು ಇಲ್ಲವೆಂದ ದಿನ ಕತ್ತಲೆ ತಪ್ಪದು. ಇದು ಮರುತ್‌ನ ಕಥೆಯಲ್ಲಿ ಅಡಗಿರುವ ಕಹಿಯಾದ ಪಾಠ.

ಹೀಗಿದ್ದರೂ ಮರುತ್ ನಿಷ್ಪ್ರಯೋಜಕವಾಗಲಿಲ್ಲ. ನೆಲಕ್ಕೆ ಸಮೀಪವಾಗಿ ಹಾರಿ ದಾಳಿ ಮಾಡುವುದರಲ್ಲಿ ಅದು ಸ್ಥಿರವಾದ, ನಂಬಿಕೆಗೆ ತಕ್ಕ ವಿಮಾನವಾಯಿತು. ಎಲ್ಲ ಸೇರಿ 147 ಮರುತ್‌ಗಳು ತಯಾರಾದವು. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ರಂಗದಲ್ಲಿ ಮರುತ್ ದಳಗಳು ಹೋರಾಡಿದವು. ಎರಡು ಎಂಜಿನ್ನುಗಳಲ್ಲಿ ಒಂದು ಶತ್ರುವಿನ ಗುಂಡಿಗೆ ಕೆಟ್ಟರೂ ಇನ್ನೊಂದರ ಬಲದಿಂದ ಪೈಲಟ್‌ನನ್ನು ಸುರಕ್ಷಿತವಾಗಿ ಮನೆಗೆ ತಂದು ಬಿಟ್ಟ ನಿದರ್ಶನಗಳುಂಟು. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿಯವರು ಮರುತ್ ವಿಮಾನದಿಂದಲೇ ಶತ್ರುಪಕ್ಷದ ಸೇಬರ್ ಜೆಟ್ ಒಂದನ್ನು ಹೊಡೆದುರುಳಿಸಿದರು. ಆಕಾಶದ ಕಾಳಗದಲ್ಲಿ ಒಂದು ಮರುತ್ ವಿಮಾನವೂ ಶತ್ರುವಿಗೆ ಬಲಿಯಾಗಲಿಲ್ಲ. ಬೆಂಗಳೂರಿನ ನಕ್ಷೆಯ ಮೇಜಿನ ಮೇಲೆ ಹಾಕಿದ ಲೆಕ್ಕ ರಣರಂಗದಲ್ಲಿ ತಪ್ಪಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಸಾಧನೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಮರುತ್‌ನ ಮೊದಲ ಹಾರಾಟ ನಡೆಸಿದ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಅದರ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ಅಸುನೀಗಿದರು. ಹೊಸ ವಿಮಾನವನ್ನು ಮೊದಲು ಹಾರಿಸುವವನು ತನ್ನ ಪ್ರಾಣವನ್ನು ವಿನ್ಯಾಸಕಾರನ ಲೆಕ್ಕದ ಕೈಗೆ ಒಪ್ಪಿಸಿರುತ್ತಾನೆ. ಬೆಂಗಳೂರಿನ ಪೂರ್ವ ಭಾಗದ ರಸ್ತೆಯೊಂದಕ್ಕೆ ಇಂದು ಅವರ ಹೆಸರಿದೆ.

ಘಾಟಗೆಯವರ ಸೇವೆಯನ್ನು ಮೆಚ್ಚಿ ಭಾರತ ಸರ್ಕಾರ 1965ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತ್ತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಜನರ ಬಾಯಲ್ಲಿ ಅದು ಎಚ್.ಎ.ಎಲ್. ಎಂದೇ ಪ್ರಸಿದ್ಧ. 1990ರ ವೇಳೆಗೆ ಮರುತ್ ವಿಮಾನಗಳು ವಾಯುಸೇನೆಯಿಂದ ನಿವೃತ್ತಿ ಹೊಂದಿದವು. 1991ರ ಡಿಸೆಂಬರ್ 6ರಂದು ಘಾಟಗೆಯವರು ನಿಧನರಾದರು. ಆಗ ಅವರಿಗೆ 83 ವರ್ಷ. ತಾವು ಕೈಯಾರೆ ಬೆಳೆಸಿದ ವಿಮಾನ ಸೇನೆಗೆ ಬಂದುದನ್ನೂ ಸೇನೆಯಿಂದ ಬೀಳ್ಕೊಂಡುದನ್ನೂ ಅವರು ಕಂಡಿದ್ದರು.

ಮರುತ್‌ನ ನಂತರ ಬಹುಕಾಲ ದೇಶ ಹೊಸ ಯುದ್ಧವಿಮಾನವೊಂದನ್ನು ಸ್ವತಃ ರೂಪಿಸಲಿಲ್ಲ. ಹೊರದೇಶಗಳ ವಿಮಾನಗಳನ್ನು ಕೊಳ್ಳುವುದು, ಇಲ್ಲವೇ ಅವರ ಅನುಮತಿಯಿಂದ ಇಲ್ಲಿ ತಯಾರಿಸುವುದು ನಡೆದುಬಂದಿತು. ಅನುಭವಿಗಳ ತಂಡ ಚದುರಿತು. ವಿದ್ಯೆ ಹರಿಯುವ ನೀರಿನಂತೆ. ಕಾಲುವೆಗೆ ನೀರು ಬಾರದೆ ಹೋದರೆ ಹೂಳು ತುಂಬುತ್ತದೆ, ಮತ್ತೆ ನೀರು ಹರಿಸಲು ಹೊಸದಾಗಿ ತೋಡಬೇಕಾಗುತ್ತದೆ. 1984ರಲ್ಲಿ ಹಗುರ ಯುದ್ಧವಿಮಾನದ ಯೋಜನೆಗಾಗಿ ಬೆಂಗಳೂರಿನಲ್ಲಿ ಪ್ರತ್ಯೇಕ ಸಂಸ್ಥೆಯೊಂದು ಆರಂಭವಾದಾಗ ನಡೆದುದು ಈ ಹೂಳೆತ್ತುವ ಕೆಲಸವೇ. ಆ ವಿಮಾನ 2001ರ ಜನವರಿ 4ರಂದು ಹಾರಿತು. ಅದಕ್ಕೆ ತೇಜಸ್ ಎಂದು ನಾಮಕರಣವಾಯಿತು. 2016ರಲ್ಲಿ ಅದರ ಮೊದಲ ದಳ ವಾಯುಸೇನೆಯಲ್ಲಿ ನೆಲೆಗೊಂಡಿತು. ಮರುತ್‌ನ ಮೊದಲ ಹಾರಾಟದಿಂದ ತೇಜಸ್‌ನ ಮೊದಲ ಹಾರಾಟಕ್ಕೆ ಸುಮಾರು 40 ವರ್ಷಗಳ ಅಂತರ. ತೇಜಸ್‌ನ ಎಂಜಿನ್ ಕೂಡ ಅಮೆರಿಕದ್ದು. ನಮ್ಮದೇ ಎಂಜಿನ್ನಿಗಾಗಿ ಕಾವೇರಿ ಎಂಬ ಹೆಸರಿನಲ್ಲಿ ದೀರ್ಘ ಪ್ರಯತ್ನ ನಡೆಯಿತಾದರೂ ಅದು ತೇಜಸ್‌ಗೆ ಸಲ್ಲುವಷ್ಟು ಸಿದ್ಧವಾಗಲಿಲ್ಲ. ಘಾಟಗೆಯವರ ತಲೆಮಾರಿಗೆ ಎದುರಾದ ಪ್ರಶ್ನೆ ಇನ್ನೂ ಪೂರ್ತಿ ಬಿಡಿಸಿಲ್ಲದ ಲೆಕ್ಕವಾಗಿಯೇ ಉಳಿದಿದೆ.

ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮರುತ್ ವಿಮಾನವನ್ನು ಕಾಣಬಹುದು. ಹಿಂದಕ್ಕೆ ಬಾಗಿದ ರೆಕ್ಕೆ, ಚೂಪಾದ ಮೂಗು. ಮಕ್ಕಳು ಅದರ ಸುತ್ತ ಓಡಾಡುತ್ತಾರೆ. ಅದರ ಮೈಮೇಲಿನ ರಿವೆಟ್ಟುಗಳ ಸಾಲನ್ನು ಗಮನವಿಟ್ಟು ನೋಡಬೇಕು. ಹಸೂರಚಂಪುವಿನ ಬಾಲಕನೊಬ್ಬ ಕಲಿತ ಗಣಿತವೂ ಬೆಂಗಳೂರಿನ ಸುತ್ತಲಿನ ಎಷ್ಟೋ ಊರುಗಳಿಂದ ಬಂದು ಕಾರ್ಖಾನೆ ಸೇರಿದ ಫಿಟ್ಟರ್, ಟರ್ನರ್‌ಗಳ ಕೈಕೆಲಸವೂ ಆ ಸಾಲಿನಲ್ಲಿ ಒಂದಾಗಿವೆ.

ಘಾಟಗೆಯವರು ಎಲ್ಲ ಕೆಲಸದಲ್ಲಿಯೂ ಗೆದ್ದವರಲ್ಲ. ಗೆದ್ದಷ್ಟನ್ನು ಮೆಟ್ಟಿಲಾಗಿ ಮಾಡಿಕೊಂಡು ಮುಂದಿನ ಮೆಟ್ಟಿಲಿಗೆ ಕಾಲಿಟ್ಟವರು. ಗ್ಲೈಡರಿನಿಂದ ತರಬೇತಿ ವಿಮಾನಕ್ಕೆ, ತರಬೇತಿ ವಿಮಾನದಿಂದ ಯುದ್ಧವಿಮಾನಕ್ಕೆ ಅವರು ನಡೆದ ದಾರಿ ಮುಂದಿನವರಿಗೆ ತೆರೆದೇ ಇದೆ. ಪಾಲಬಾವಿಯ ಬದುವಿನ ಮೇಲೆ ನಿಂತು ತಲೆಯೆತ್ತಿದ ಹುಡುಗನೋ ಹುಡುಗಿಯೋ ಇನ್ನು ಮುಂದೆ ಆ ವಿಮಾನ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಸುಮ್ಮನಾಗದೆ, ಅದರ ಎಂಜಿನ್ ಯಾರದು ಎಂದೂ ಕೇಳಲಿ. ಉಳಿದ ಲೆಕ್ಕವನ್ನು ಬಿಡಿಸುವ ಕೆಲಸ ಆ ಪ್ರಶ್ನೆಯಿಂದಲೇ ಮೊದಲಾಗುತ್ತದೆ.